ಸರಾಸರಿಯ ಗೆರೆ ಮತ್ತು ಬ್ಯಾಡಗಿಯ ಮೆಣಸಿನಕಾಯಿ

ಬ್ಯಾಡಗಿಯ ಕೃಷಿ ಮಾರುಕಟ್ಟೆಯಲ್ಲಿ 2024ರ ಮಾರ್ಚ್ 11ರ ಸೋಮವಾರ ನಡೆದ ಹಿಂಸಾಚಾರವನ್ನು ರಾಜ್ಯ ಬೇಗನೆ ಮರೆತಿದೆ. ಮೆಣಸಿನಕಾಯಿ ದರ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ಬೆಳೆಗಾರರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಕೆಲವೇ ದಿನಗಳ ಹಿಂದೆ ಕ್ವಿಂಟಲಿಗೆ 20 ಸಾವಿರ ರೂಪಾಯಿ ಇದ್ದ ದರ 8 ಸಾವಿರದ ಆಸುಪಾಸಿಗೆ ಇಳಿದಿದೆ ಎಂಬುದು ಅವರ ದೂರಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದ್ದವು. ಬೆಂಕಿ ಹಚ್ಚಿದವರ ವಿಚಾರ ಪೊಲೀಸರಿಗೂ ನ್ಯಾಯಾಲಯಕ್ಕೂ ಬಿಟ್ಟದ್ದು. ನಾನು ಇಲ್ಲಿ ಎತ್ತುತ್ತಿರುವುದು ಅದಕ್ಕಿಂತ ಸಣ್ಣದಾಗಿ ಕಾಣುವ ಪ್ರಶ್ನೆ. ದರ ಎಷ್ಟು ಇಳಿಯಿತು, ಯಾವ ಮಾಲಿಗೆ ಇಳಿಯಿತು, ಯಾವ ಮಾಲಿಗೆ ಇಳಿಯಲಿಲ್ಲ ಎಂಬುದನ್ನು ರೈತನ ಮುಂದೆ ಹಿಡಿದು ತೋರಿಸಬಲ್ಲ ಒಂದು ನಕ್ಷೆಯನ್ನು ನಮ್ಮ ಮಾರುಕಟ್ಟೆಗಳು ಏಕೆ ಬರೆಯುವುದಿಲ್ಲ?

ಅಂಕಿಅಂಶಗಳ ಕೊರತೆ ಇದಕ್ಕೆ ಕಾರಣವಲ್ಲ. ರಾಜ್ಯದ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟವಾಹಿನಿಯಲ್ಲಿಯೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲಿಯೂ ಮಾರುಕಟ್ಟೆವಾರು ಆವಕ, ಕನಿಷ್ಠ ದರ, ಗರಿಷ್ಠ ದರ ಮತ್ತು ಮೋಡಲ್ ದರ, ಅಂದರೆ ಅತಿ ಹೆಚ್ಚು ಮಾಲು ಮಾರಾಟವಾದ ದರ, ದಾಖಲಾಗುತ್ತವೆ. ಪತ್ರಿಕೆಗಳ ಪೇಟೆಧಾರಣೆಯಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಬೇರೆ ಬೇರೆಯಾಗಿಯೇ ಅಚ್ಚಾಗುತ್ತವೆ. ಇಷ್ಟೆಲ್ಲ ಇದ್ದೂ ಪ್ರಗತಿ ಪರಿಶೀಲನಾ ಸಭೆಯ ತೆರೆಯ ಮೇಲೆ ಮೂಡುವುದು ಸಾಮಾನ್ಯವಾಗಿ ಒಂದೇ ಒಂದು ಗೆರೆ, ‘ಮೆಣಸಿನಕಾಯಿ, ಸರಾಸರಿ ದರ’. ಅದರ ಪಕ್ಕದಲ್ಲಿ ಹದಿನಾಲ್ಕು ಬಣ್ಣಗಳ ಒಂದು ವೃತ್ತನಕ್ಷೆ, ಅದಕ್ಕೂ ಮೂರು ಆಯಾಮದ ಓರೆನೋಟ. ಮುಂದಿರುವ ತುಂಡು ದೊಡ್ಡದಾಗಿಯೂ ಹಿಂದಿರುವುದು ಚಿಕ್ಕದಾಗಿಯೂ ಕಾಣುವ ಈ ಅಲಂಕಾರವನ್ನು ನಾನು ಸೇವೆಯಲ್ಲಿದ್ದಷ್ಟು ಕಾಲ ಕೆಡಿಪಿ ಸಭೆಗಳಲ್ಲಿ ಸಹಿಸಿಕೊಂಡಿದ್ದೇನೆ. ಅದನ್ನು ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ಮಾಡಿ ಸದಸ್ಯರಿಗೆ ಹಂಚಿದಾಗ ಹದಿನಾಲ್ಕು ಬಣ್ಣಗಳೂ ಒಂದೇ ಬೂದಿಯಾಗುತ್ತವೆ.

ಸರಾಸರಿಯ ಆ ಒಂಟಿಗೆರೆ ಏನನ್ನು ಮರೆಮಾಚುತ್ತದೆ ಎಂಬುದಕ್ಕೆ ಊಹೆಯ ಒಂದು ಲೆಕ್ಕ ಸಾಕು. ಗುರುವಾರದ ಪೇಟೆಗೆ ನೂರು ಲಾಟ್ ಬಂದಿವೆ ಎನ್ನೋಣ. ಎಂಬತ್ತು ಲಾಟ್ ಉತ್ತಮ ಡಬ್ಬಿ, ಕ್ವಿಂಟಲಿಗೆ 30 ಸಾವಿರ. ಇಪ್ಪತ್ತು ಲಾಟ್ ಬಣ್ಣಗೆಟ್ಟ ಮಾಲು, 8 ಸಾವಿರ. ಲಾಟ್‌ಗಳೆಲ್ಲ ಒಂದೇ ತೂಕದವಾದರೆ ಸರಾಸರಿ 25,600 ರೂಪಾಯಿ. ಮುಂದಿನ ಸೋಮವಾರವೂ ನೂರೇ ಲಾಟ್, ಆದರೆ ಉತ್ತಮ ಡಬ್ಬಿ ಮೂವತ್ತು, ಬಣ್ಣಗೆಟ್ಟದ್ದು ಎಪ್ಪತ್ತು. ದರಗಳು ಅವೇ. ಸರಾಸರಿ ಮಾತ್ರ 14,600ಕ್ಕೆ ಇಳಿಯುತ್ತದೆ. ಒಬ್ಬ ರೈತನ ಒಂದು ಚೀಲಕ್ಕೂ ಒಂದು ರೂಪಾಯಿ ಕಡಿಮೆಯಾಗಿಲ್ಲ; ನಕ್ಷೆಯ ಗೆರೆ ಮಾತ್ರ 11 ಸಾವಿರ ರೂಪಾಯಿಯ ಪ್ರಪಾತಕ್ಕೆ ಬಿದ್ದಿದೆ. ಇದರ ಉಲ್ಟಾ ಸಂಗತಿ ಇನ್ನೂ ಅಪಾಯಕಾರಿ. ಸಾಧಾರಣ ಮಾಲಿನ ದರ ನಿಜಕ್ಕೂ ಅರ್ಧಕ್ಕೆ ಕುಸಿದಿದ್ದರೂ ಅದೇ ದಿನ ಉತ್ತಮ ಡಬ್ಬಿ ಹೆಚ್ಚಾಗಿ ಬಂದಿದ್ದರೆ ಸರಾಸರಿಯ ಗೆರೆ ಅಲುಗಾಡುವುದೇ ಇಲ್ಲ. ಮೊದಲನೆಯದರಲ್ಲಿ ವರ್ತಕನ ಮೇಲೆ ಸುಳ್ಳು ಆಪಾದನೆ, ಎರಡನೆಯದರಲ್ಲಿ ರೈತನ ನಿಜವಾದ ನಷ್ಟಕ್ಕೆ ಸಾಕ್ಷಿಯೇ ಇಲ್ಲ.

ಬ್ಯಾಡಗಿಯ ಜಗಳದ ತಿರುಳೂ ಇದೇ. ದರ ಇಳಿದಾಗಲೆಲ್ಲ ರೈತ ‘ಹೊಂದಾಣಿಕೆ ಮಾಡಿಕೊಂಡು ಇಳಿಸಿದರು’ ಎನ್ನುತ್ತಾನೆ. ಖರೀದಿದಾರ ‘ಮಾಲು ನೋಡಿ ದರ ಹಾಕಿದೆವು’ ಎನ್ನುತ್ತಾನೆ. ಎರಡೂ ನಿಜವಿರಬಹುದಾದ ಮಾತುಗಳೇ. ಸುಕ್ಕುಗಟ್ಟಿದ, ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯಿರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಆದರೆ ಬ್ಯಾಡಗಿಯ ಮಾರುಕಟ್ಟೆಗೆ ಬರುವುದೆಲ್ಲ ಬ್ಯಾಡಗಿ ತಳಿಯಲ್ಲ. ಬಳ್ಳಾರಿ, ರಾಯಚೂರು ಸೀಮೆಯಿಂದಲೂ ಆಂಧ್ರದಿಂದಲೂ ಲಾರಿಗಟ್ಟಲೆ ಹೈಬ್ರಿಡ್ ಕಾಯಿ ಬರುತ್ತದೆ. ಶೀತಲಗೃಹದಲ್ಲಿದ್ದ ಹಳೆಯ ಮಾಲೂ ಹೊರಗೆ ಬರುತ್ತದೆ. ಇವೆಲ್ಲವನ್ನೂ ‘ಒಣಮೆಣಸಿನಕಾಯಿ’ ಎಂಬ ಒಂದೇ ಹೆಸರಿನಡಿ ಕೂಡಿಸಿ ಭಾಗಿಸಿ ಗೆರೆ ಎಳೆದರೆ ಅದು ಯಾರ ದರ? ಮೋಟೆಬೆನ್ನೂರಿನ ಬೆಳೆಗಾರನದೋ, ಸಿಂಧನೂರಿನವನದೋ?

ಎರಡನೆಯ ಮಾತು ಲಂಬ ಅಕ್ಷದ್ದು. ಎಕ್ಸೆಲ್ಲಿಗೆ ಅಂಕಿಗಳನ್ನು ಕೊಟ್ಟು ಚಾರ್ಟ್ ಕೇಳಿದರೆ ಅಕ್ಷ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಗರಿಷ್ಠ ಹಾಗೂ ಕನಿಷ್ಠ ಅಂಕಿಗಳ ಅಂತರ ಗರಿಷ್ಠದ ಆರರಲ್ಲೊಂದು ಪಾಲಿಗಿಂತ ಕಡಿಮೆಯಿದ್ದರೆ ಅದು ಸೊನ್ನೆಯನ್ನು ಕೈಬಿಟ್ಟು ಮೇಲಿನಿಂದ ಆರಂಭಿಸುತ್ತದೆ. ದರ 20 ಸಾವಿರದಿಂದ 18 ಸಾವಿರಕ್ಕೆ ಇಳಿದಿದೆ, ಅಕ್ಷ 17 ಸಾವಿರದಿಂದ ಶುರುವಾಗಿದೆ ಎಂದಿಟ್ಟುಕೊಳ್ಳಿ. ಮೊದಲ ಸ್ತಂಭಕ್ಕೆ ಮೂರು ಸಾವಿರದ ಎತ್ತರ, ಎರಡನೆಯದಕ್ಕೆ ಒಂದು ಸಾವಿರದ ಎತ್ತರ. ಹತ್ತರಲ್ಲೊಂದು ಪಾಲಿನ ಇಳಿಕೆ ಕಣ್ಣಿಗೆ ಮೂರರಲ್ಲೆರಡು ಪಾಲಿನ ಕುಸಿತವಾಗಿ ಕಾಣುತ್ತದೆ. ಇದರಲ್ಲಿ ಯಾರ ಕುತಂತ್ರವೂ ಇರಬೇಕಾಗಿಲ್ಲ. ಗುಮಾಸ್ತರು ಯಂತ್ರ ಕೊಟ್ಟದ್ದನ್ನು ಹಾಗೆಯೇ ಮುದ್ರಿಸಿರುತ್ತಾರೆ. ಸ್ತಂಭನಕ್ಷೆಯಾದರೆ ಅಕ್ಷ ಸೊನ್ನೆಯಿಂದಲೇ ಆರಂಭವಾಗಬೇಕೆಂಬುದು ನನ್ನ ಮಟ್ಟಿಗೆ ರಾಜಿಯಿಲ್ಲದ ನಿಯಮ, ಏಕೆಂದರೆ ಅಲ್ಲಿ ಓದುಗ ಅಳೆಯುವುದು ಎತ್ತರವನ್ನೇ. ರೇಖಾನಕ್ಷೆಗೆ ಇಷ್ಟು ಕಟ್ಟುನಿಟ್ಟು ಬೇಡ. ಆದರೆ ಎಲ್ಲಿಂದ ಆರಂಭವಾಗಿದೆ ಎಂಬುದನ್ನು ಢಾಳಾಗಿ ಬರೆಯಬೇಕು.

ಸೊನ್ನೆಯ ಇನ್ನೊಂದು ಉಪದ್ರವವಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ದೊಡ್ಡ ವ್ಯಾಪಾರ ನಡೆಯುವುದು ಸೋಮವಾರ ಮತ್ತು ಗುರುವಾರ. ವ್ಯಾಪಾರವಿಲ್ಲದ ದಿನದ ಮನೆಯನ್ನು ಖಾಲಿ ಬಿಡದೆ 0 ಎಂದು ತುಂಬಿದರೆ ಗೆರೆ ವಾರಕ್ಕೆ ಹಲವು ಬಾರಿ ನೆಲ ಕಚ್ಚಿ ಮೇಲೇಳುತ್ತದೆ. ಶೀರ್ಷಿಕೆಯನ್ನು ಹಳೆಯ ನುಡಿ ಅಕ್ಷರದಲ್ಲಿ ಟೈಪಿಸಿದ್ದರೆ ಬೇರೆ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತದೆ. ಯೂನಿಕೋಡ್ ಬಳಸಿದರೆ ಆ ರಗಳೆಯಿಲ್ಲ. ಆವಕವನ್ನು ಲಕ್ಷಗಳಲ್ಲಿ ಎಣಿಸುವ ಊರಿನಲ್ಲಿ ಅಕ್ಷದ ಮೇಲೆ ಮಿಲಿಯನ್ ಎಂದಿರುವುದೂ ಸಲ್ಲ.

ಆವಕವನ್ನೂ ದರವನ್ನೂ ಒಂದೇ ನಕ್ಷೆಯಲ್ಲಿ, ಎಡಕ್ಕೊಂದು ಬಲಕ್ಕೊಂದು ಅಕ್ಷವಿಟ್ಟು ತೋರಿಸುವುದು ಈಗ ರೂಢಿ. ಎರಡು ಅಕ್ಷಗಳ ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಯಾವ ಸಂಬಂಧವನ್ನು ಬೇಕಾದರೂ ಸೃಷ್ಟಿಸಬಹುದಾದ್ದರಿಂದ ನನಗೆ ಅದರಲ್ಲಿ ವಿಶ್ವಾಸವಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಲಿಯಂ ಪ್ಲೇಫೇರ್‌ನ ಹೆಸರು ಪರಿಚಿತ. 1786ರಲ್ಲಿ ವ್ಯಾಪಾರದ ಅಂಕಿಗಳನ್ನು ಮೊದಲ ಬಾರಿಗೆ ರೇಖೆ ಮತ್ತು ಸ್ತಂಭಗಳಾಗಿ ಬರೆದು ಪ್ರಕಟಿಸಿದ ಸ್ಕಾಟ್ಲೆಂಡಿನವನು ಆತ. 1821ರಲ್ಲಿ ಗೋಧಿಯ ಬೆಲೆಯನ್ನು ಸ್ತಂಭಗಳಾಗಿಯೂ ಕುಶಲಕರ್ಮಿಯ ವಾರದ ಕೂಲಿಯನ್ನು ರೇಖೆಯಾಗಿಯೂ ಒಂದೇ ಹಾಳೆಯಲ್ಲಿಟ್ಟ. ಕೂಲಿಗೆ ಹೋಲಿಸಿದರೆ ಗೋಧಿ ಹಿಂದೆಂದೂ ಇಷ್ಟು ಅಗ್ಗವಾಗಿರಲಿಲ್ಲ ಎಂಬುದು ಅವನ ವಾದ. ಚಿತ್ರದಲ್ಲಿ ಮಾತ್ರ ಗೋಧಿಯ ಎತ್ತರದ ಸ್ತಂಭಗಳ ಕೆಳಗೆ ಕೂಲಿಯ ರೇಖೆ ಮಲಗಿಬಿಟ್ಟಿದೆ. ವಾದ ಕಣ್ಣಿಗೆ ಕಾಣುವುದೇ ಇಲ್ಲ. ಈ ವಿದ್ಯೆಯ ಜನಕನಿಗೇ ಹೀಗಾಗಿದ್ದರೆ ಹಾವೇರಿಯ ಕಚೇರಿಯ ಗುಮಾಸ್ತರನ್ನು ದೂರಿ ಫಲವಿಲ್ಲ. ಮೇಲೆ ದರದ ನಕ್ಷೆ, ಕೆಳಗೆ ಅದೇ ದಿನಾಂಕಗಳಿಗೆ ಆವಕದ ನಕ್ಷೆ ಇಟ್ಟರೆ ಸಾಕು.

ರಾಣೆಬೆನ್ನೂರಿನ ಗೋವಿನಜೋಳಕ್ಕೆ ಬೇಕಾದ ನಕ್ಷೆ ಇದಕ್ಕಿಂತ ಸರಳ. ಅಲ್ಲಿ ತಳಿಯ ಗೋಜಲು ಅಷ್ಟಿಲ್ಲ. ತೇವಾಂಶದ ಪ್ರಶ್ನೆ ಇದೆ, ಬೆಂಬಲ ಬೆಲೆಯ ಪ್ರಶ್ನೆ ಇದೆ. 2025–26ರ ಹಂಗಾಮಿಗೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. 2025ರ ನವೆಂಬರಿನಲ್ಲಿ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ಉತ್ತರ ಕರ್ನಾಟಕದ ರೈತರು ಬೀದಿಗಿಳಿದರು. ಗೋವಿನಜೋಳದ ಪ್ರತಿಯೊಂದು ದರನಕ್ಷೆಯಲ್ಲಿಯೂ 2,400ರ ಎತ್ತರಕ್ಕೆ ಒಂದು ಅಡ್ಡಗೆರೆ ಇರಬೇಕಿತ್ತು. ಆ ಗೆರೆ ಇಲ್ಲದ ನಕ್ಷೆಯಲ್ಲಿ ದರ ‘ಸ್ಥಿರ’ವಾಗಿ ಕಾಣುತ್ತದೆ, ಗೆರೆ ಎಳೆದರೆ ಅದೇ ದರ ಎಷ್ಟು ವಾರಗಳಿಂದ ನ್ಯಾಯದ ಮಟ್ಟಕ್ಕಿಂತ ಕೆಳಗೆ ಸ್ಥಿರವಾಗಿದೆ ಎಂಬುದು ಕಾಣುತ್ತದೆ. ಖರೀದಿ ಕೇಂದ್ರ ಯಾವ ವಾರ ತೆರೆಯಬೇಕಿತ್ತು ಎಂಬುದನ್ನು ಜಿಲ್ಲಾಧಿಕಾರಿಗೆ ಬೇರೆ ಯಾರೂ ಹೇಳಬೇಕಾಗುವುದಿಲ್ಲ.

ನಕ್ಷೆ ನೇರವಾಗಿದ್ದ ಮಾತ್ರಕ್ಕೆ ದರ ಏರುವುದಿಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ, ಏರುವುದಿಲ್ಲ. ಆದರೆ ಇ-ಟೆಂಡರ್ ಬಂದಾಗ ಸರ್ಕಾರ ಆಡಿದ ಮಾತು ಪಾರದರ್ಶಕತೆಯದ್ದು. ಟೆಂಡರಿನ ಫಲ ಕಂಪ್ಯೂಟರಿನಲ್ಲಿ ಭದ್ರವಾಗಿದ್ದು, ರಾತ್ರಿಯೆಲ್ಲ ಲಾರಿಯಲ್ಲಿ ಕುಳಿತು ಬಂದ ಬೆಳೆಗಾರನಿಗೆ ದಲಾಲರ ಅಂಗಡಿಯ ಚೀಟಿಯಷ್ಟೇ ಸಿಗುವುದಾದರೆ ಆ ಮಾತು ಅರ್ಧಕ್ಕೇ ನಿಂತಂತೆ. ಪ್ರತಿ ಸೋಮವಾರ ಮತ್ತು ಗುರುವಾರ ಸಂಜೆ ಪ್ರಾಂಗಣದ ದ್ವಾರದಲ್ಲಿ ಕನ್ನಡದ ಒಂದು ಹಾಳೆ ಅಂಟಿಸಲಿ. ಕಡ್ಡಿ, ಡಬ್ಬಿ, ಗುಂಟೂರು, ಉಳಿದ ಹೈಬ್ರಿಡ್ ತಳಿಗಳಿಗೆ ಪ್ರತ್ಯೇಕ ಚೌಕಗಳಿರಲಿ. ಪ್ರತಿ ಚೌಕದಲ್ಲಿ ಕನಿಷ್ಠದಿಂದ ಗರಿಷ್ಠದವರೆಗೆ ಒಂದು ನಿಲುಗೆರೆ, ಅದರ ಮೇಲೆ ಮೋಡಲ್ ದರಕ್ಕೊಂದು ಚುಕ್ಕೆ, ಹಿಂದಿನ ಎಂಟು ಪೇಟೆಗಳ ಇಂಥವೇ ಗೆರೆಗಳು, ಕೆಳಗೆ ಆವಕ. ಬಣ್ಣ ಬೇಡ, ಮೂರು ಆಯಾಮ ಬೇಡ. ಕಚೇರಿಯಲ್ಲಿರುವ ತಂತ್ರಾಂಶದಿಂದಲೇ ಇದು ಸಾಧ್ಯ. ಒಮ್ಮೆ ಅಚ್ಚು ಸಿದ್ಧವಾದರೆ ಆಮೇಲೆ ಅಂಕಿ ತುಂಬುವ ಕೆಲಸವಷ್ಟೇ.

ತೊಡಕಿರುವುದು ಅಂಕಿ ತುಂಬುವಲ್ಲಿಯೇ. ಲಾಟ್ ಯಾವ ತಳಿಯದು, ಯಾವ ದರ್ಜೆಯದು, ಹೊಸ ಮಾಲೋ ಶೀತಲಗೃಹದ್ದೋ ಎಂಬುದನ್ನು ಟೆಂಡರಿಗೆ ಮೊದಲೇ ನಮೂದಿಸಬೇಕಾಗುತ್ತದೆ. ಹಾಗೆ ನಮೂದಿಸಿದರೆ ದರ ಕಡಿಮೆ ಹಾಕಿದವನೂ ಉತ್ತರ ಹೇಳಬೇಕಾಗುತ್ತದೆ, ಮಿಶ್ರಮಾಡಿ ತಂದವನೂ ಹೇಳಬೇಕಾಗುತ್ತದೆ. ಇದಕ್ಕೆ ವರ್ತಕರು ಮಾತ್ರವೇ ಒಪ್ಪುವುದಿಲ್ಲ ಎಂದು ನಾನು ಭಾವಿಸಿಲ್ಲ. ಕೆಲವು ಬೆಳೆಗಾರರೂ ಒಪ್ಪಲಿಕ್ಕಿಲ್ಲ. ಆವಕ ಉಕ್ಕುವುದು ಜನವರಿಯಿಂದ ಮಾರ್ಚ್‌ವರೆಗೆ. ಮಾರುಕಟ್ಟೆ ಸಮಿತಿ ಇಬ್ಬರನ್ನೂ ಕೂರಿಸಿ ಒಪ್ಪಿಸಬೇಕಾದದ್ದು ಅದಕ್ಕೆ ಮೊದಲು, ಚೀಲಗಳು ಪ್ರಾಂಗಣ ತುಂಬುವ ಮುನ್ನ.