ಕಾಡುಪಾಪವೂ ಹುತ್ತದ ಅಣಬೆಯೂ

ಗುಡುಗಿನ ಮಳೆ ಬಿದ್ದೊಡನೆ ಬುಟ್ಟಿ ಹಿಡಿದು ಅಣಬೆಗೆ ಹೊರಡುವ ನಮ್ಮಲ್ಲಿ ಕೆಲವರು, ಅದೇ ತೋಟದಲ್ಲಿ ಕಾಡುಪಾಪ ಕಂಡರೆ ಅಪಶಕುನವೆಂದು ಕಲ್ಲೆತ್ತುವುದುಂಟು. ಮಡಗಾಸ್ಕರಿನ ಲೀಮರುಗಳ ಈ ದೂರದ ನೆಂಟನಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯ ರಕ್ಷಣೆಯಿದೆ. ಅಣಬೆಗೆ ರುಚಿಯೇ ರಕ್ಷಣೆ!

ಆದರೆ ಎರಡಕ್ಕೂ ಗೆದ್ದಲು ಬೇಕು. ಹುತ್ತದೊಳಗೆ ಈ ಅಣಬೆಯನ್ನು ಬೆಳೆಸುವುದೇ ಗೆದ್ದಲು. ಇರುಳಿನಲ್ಲಿ ಕಾಡುಪಾಪ ಹುಡುಕುವುದೂ ಇರುವೆ, ಗೆದ್ದಲು, ಹುಳುಹುಪ್ಪಟೆಗಳನ್ನೇ. ಹುತ್ತ ಅಗೆದು ಔಷಧಿ ಸುರಿದರೆ ನಮ್ಮ ಬುಟ್ಟಿಯೂ ಬರಿದು, ಅದರ ಹೊಟ್ಟೆಯೂ ಬರಿದು.

ಇನ್ನೊಂದು ಮಾತು. ಕಾಡುಪಾಪ ಕೋತಿಯಂತೆ ಹಾರಲಾರದು. ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ದಾಟಬೇಕು. (ಕಳೆದ ಮರಗಸಿಯಲ್ಲಿ ನಾವೂ ಇದನ್ನು ಮರೆತೆವು.) ಈ ಸಲ ನೆರಳು ಮರಗಳ ಒಂದೆರಡು ಕೊಂಬೆಗಳಾದರೂ ಒಂದಕ್ಕೊಂದು ತಾಕಿಕೊಂಡಿರಲಿ, ಬೇಲಿಯಂಚಿನ ಹುತ್ತಕ್ಕೆ ಗುದ್ದಲಿ ಬೀಳದಿರಲಿ ಎಂದು ನಮ್ಮ ವಿನಂತಿ.