ದಿ. ರಾಜು ತಾಳಿಕೋಟೆ ಮತ್ತು ನಮ್ಮ ಕರ್ತವ್ಯ

ಸುಪ್ರಸಿದ್ಧ ನಟರಾದ ಶ್ರೀ. ರಾಜು ತಾಳಿಕೋಟೆಯವರು 2025ರ ಅಕ್ಟೋಬರ 13ರಂದು ಕಾಲವಶರಾದರು. ಉಡುಪಿಯ ಸೀಮೆಗೆ ಚಿತ್ರಪಟವೊಂದರ ಚಿತ್ರೀಕರಣಕ್ಕೆಂದು ಹೋದವರು ಹೃದಯಾಘಾತಕ್ಕೀಡಾಗಿ ಮಣಿಪಾಲದ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಸಿಂದಗಿ ತಾಲೂಕಿನ ಚಿಕ್ಕಸಿಂದಗಿಯ ಮಣ್ಣು ಅವರನ್ನು ತನ್ನೊಳಗೆ ತೆಗೆದುಕೊಂಡಿತು. ಅದಕ್ಕೆ ಹದಿನಾಲ್ಕು ದಿನ ಮೊದಲು, ಸಪ್ಟೆಂಬರ 29ರಂದು, ಇದೇ ಜಿಲ್ಲೆಯ ಉಕ್ಕಲಿಯವರಾದ ಶ್ರೀ. ಯಶವಂತ ಸರದೇಶಪಾಂಡೆಯವರು ನಮ್ಮನ್ನು ಅಗಲಿದ್ದರು. ಒಂದು ಪಕ್ಷ ತುಂಬುವದರೊಳಗೆ ವಿಜಯಪುರ ಜಿಲ್ಲೆಯು ಇಬ್ಬರು ನಟರನ್ನು ಕಳೆದುಕೊಂಡಿತು. ಡೋಣಿಯ ದಂಡೆಯ ನಮ್ಮ ಸಾರವಾಡದಲ್ಲಿ ಅಗಸಿಯ ಕಟ್ಟೆಯ ಮೇಲೂ ಹೊಲದ ಬದುವಿನ ಮೇಲೂ ಆ ದಿನಗಳಲ್ಲಿ ಬೇರೆ ಮಾತಿರಲಿಲ್ಲ.

ಶೋಕಸಂದೇಶಗಳಿಗೆ ಕೊರತೆಯಾಗಲಿಲ್ಲ. ಆದರೆ ಅವುಗಳಲ್ಲಿ ಬಹುಭಾಗವು ರಾಜು ಅವರನ್ನು 'ಹಾಸ್ಯನಟ'ರೆಂದು ಕರೆದು ಮುಗಿಸಿದವು. ಈ ಶಬ್ದದ ಬಗೆಗೆ ನಮ್ಮ ತಕರಾರು ಇದೆ. ನಾಟಕ, ಧ್ವನಿಸುರುಳಿ, ಚಿತ್ರಪಟ, ದೂರದರ್ಶನ ಈ ನಾಲ್ಕರಲ್ಲಿಯೂ ಜನಮನವನ್ನು ಗೆದ್ದ ಮನುಷ್ಯನನ್ನು ಒಂದು ಪದದ ಸಂದುಕದಲ್ಲಿ ಹಾಕಿ ಕೀಲಿ ಜಡಿಯುವದು ಸತ್ತವರಿಗೆ ಮಾಡುವ ಗೌರವವಲ್ಲ. ಅವರಿಗೆ ಆ ಶಕ್ತಿಯು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸದೆ ಹೂಮಾಲೆ ಹಾಕಿದರೆ, ಆ ಶಕ್ತಿಯ ಮೂಲವು ಬತ್ತುತ್ತಿರುವದು ನಮ್ಮ ಕಣ್ಣಿಗೆ ಬೀಳದೇ ಹೋಗುವದು.

ಮೂಲವು ಕಂಪನಿ ನಾಟಕ. ರಾಜು ಅವರ ತಾಯಿತಂದೆಗಳು ನಾಟಕದವರೇ. ಶಾಲೆಯ ಓದು ಅವರ ಪಾಲಿಗೆ ಅಲ್ಪಸ್ವಲ್ಪವೇ ಬಂದಿತು. ಮಿಕ್ಕ ಓದೆಲ್ಲ ಪರದೆಯ ಹಿಂದೆ ಆದದ್ದು. ಮುಸಲ್ಮಾನ ಮನೆತನದಲ್ಲಿ ಹುಟ್ಟಿದ ಇವರು ನಡೆಸಿದ್ದು ತಾಳಿಕೋಟೆಯ ಮಠದ ಹೆಸರಿನ ಖಾಸ್ಗತೇಶ್ವರ ನಾಟ್ಯಸಂಘವನ್ನು. ಶಾಲೆಯ ಪುಸ್ತಕಗಳಲ್ಲಿ ತಾಳಿಕೋಟೆಯೆಂದರೆ 1565ರ ಕಾಳಗ. ನಮ್ಮ ಸೀಮೆಯ ಒಕ್ಕಲುಮಕ್ಕಳಿಗೆ ತಾಳಿಕೋಟೆಯೆಂದರೆ ಈ ಮನುಷ್ಯ. ಮಠದ ಸ್ವಾಮಿಯ ಹೆಸರಿನಲ್ಲಿ ಸಾಬರ ಹುಡುಗ ಬಣ್ಣ ಹಚ್ಚುವದು ಇಲ್ಲಿ ಯಾರಿಗೂ ಸೋಜಿಗವೆನಿಸಲಿಲ್ಲ. ಏಕತೆಯ ಮೇಲೆ ಭಾಷಣ ಮಾಡುವ ಮುಂದಾಳುಗಳು ಇದನ್ನು ಗಮನಿಸಿದರೆ ಭಾಷಣವು ಚಿಕ್ಕದಾದೀತು.

ಕಂಪನಿಯಲ್ಲಿ ಬೆಳೆದ ನಟನಿಗೆ 'ನನ್ನ ಪಾತ್ರ ಇದೊಂದೇ' ಎನ್ನುವ ಸ್ವಾತಂತ್ರ್ಯವಿಲ್ಲ. ಇಂದು ನಾಯಕನಾದವನು ನಾಳೆ ಖಳನಾಯಕನಿಗೆ ಜ್ವರ ಬಂದರೆ ಅವನ ಮೀಸೆ ಅಂಟಿಸಿಕೊಳ್ಳಬೇಕು. ಹಾಡಬೇಕು, ಅಳಿಸಬೇಕು; ಮಳೆ ಬಂದರೆ ತಗಡು ಹಿಡಿಯಬೇಕು. ಮುಂದಿನ ಚಾಪೆಯಲ್ಲಿ ಕುಳಿತವನು ಮಾತಿಗೆ ಮಾತು ಎಸೆದರೆ ಕಥೆ ಕೆಡದಂತೆ ಆ ಕ್ಷಣವೇ ತಿರುಗಿ ಉತ್ತರ ಕೊಡಬೇಕು. ಬಹುಮುಖ ಪ್ರತಿಭೆಯೆಂದು ಪಟ್ಟಣದವರು ಹೊಗಳುವದು ಕಂಪನಿಯಲ್ಲಿ ನಿತ್ಯದ ಕೂಲಿ. ಈ ಗರಡಿಯಿಂದಲೇ ಹಿಂದೆ ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು ಹೊರಟು ಮುಂಬಯಿಯ ಬೋಲಪಟಗಳಲ್ಲಿ ಹೆಸರಾದರು. 1943ರ 'ಕಿಸ್ಮತ್' ಚಿತ್ರದ ಅವರ ಹಾಡುಗಳು ದೇಶವನ್ನೇ ತುಂಬಿದವು. ನೂರ ಮೂರು ವರ್ಷ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರದೂ ಇದೇ ಗರಡಿಯೇ.

ರಾಜು ಅವರ 'ಕಲಿಯುಗದ ಕುಡುಕ' ನಾಟಕವು ಧ್ವನಿಸುರುಳಿಯಾಗಿ ಹೊರಬಿದ್ದ ಮೇಲೆ ಥೇಟರಿನ ಗೋಡೆಗಳೇ ಇಲ್ಲದಂತಾದವು. ಚಹದಂಗಡಿಯಲ್ಲಿ, ಟ್ರ್ಯಾಕ್ಟರಿನ ಮೇಲೆ, ಮದುವೆಯ ಹಂದರದಲ್ಲಿ, ಎಲ್ಲೆಲ್ಲಿಯೂ ಆ ಕುಡುಕನದೇ ದನಿ. ನಾಟಕ ನೋಡದವರಿಗೂ ಮಾತುಗಳು ಬಾಯಿಪಾಠವಾಗಿದ್ದವು. ಅದರ ಕೆಲವು ಮಾತುಗಳು ಮನೆಮಂದಿಯ ನಡುವೆ ಕುಳಿತು ಕೇಳತಕ್ಕವಲ್ಲವೆಂದು ಮೂಗು ಮುರಿದ ಸಭ್ಯರುಂಟು. ಆ ಆಕ್ಷೇಪವನ್ನು ನಾವು ಪೂರ್ತಿಯಾಗಿ ತಳ್ಳಿಹಾಕುವದಿಲ್ಲ. ಆದರೆ ಕುಡಿತದಿಂದ ಹಾಳಾದ ಮನುಷ್ಯನನ್ನು ಹಳ್ಳಿಯೆದುರು ನಿಲ್ಲಿಸಿ, ಅವನನ್ನು ನೋಡಿ ನಕ್ಕವರಿಗೇ ಅವರ ಮೋರೆ ತೋರಿಸಿಕೊಡುವದು ಸಾಮಾನ್ಯ ಕೆಲಸವಲ್ಲ. ಪಾನನಿಷೇಧದ ಸಭೆಗೆ ಬಾರದ ಜನರು ಈ ಕುಡುಕನ ಮಾತನ್ನು ಕಿವಿಗೊಟ್ಟು ಕೇಳಿದರೆಂಬುದು ಸುಳ್ಳಲ್ಲ.

ಮುಂದೆ ಯೋಗರಾಜ ಭಟ್ಟರು 'ಮನಸಾರೆ' (2009) ಮತ್ತು 'ಪಂಚರಂಗಿ' (2010) ಚಿತ್ರಗಳಲ್ಲಿ ಅವರನ್ನು ಕರೆದರು. ಕಂಪನಿಯಲ್ಲಿ ಕೊನೆಯ ಸಾಲಿಗೆ ಮುಟ್ಟುವಂತೆ ಕೂಗಿ ಮಾತಾಡಿದ ಗಂಟಲನ್ನು ಕ್ಯಾಮರಾದ ಮುಂದೆ ತಗ್ಗಿಸುವದು ಎಷ್ಟೋ ಹಳೆಯ ನಟರಿಗೆ ಸಾಧಿಸಿಲ್ಲ; ಇವರಿಗೆ ಸಾಧಿಸಿತು. 2019ರಲ್ಲಿ 'ಬಿಗ್ ಬಾಸ್' ಕಾರ್ಯಕ್ರಮದ ಏಳನೆಯ ಆವೃತ್ತಿಯಲ್ಲಿ ಕಾಣಿಸಿಕೊಂಡರು. ಆ ಕಾರ್ಯಕ್ರಮದ ಬಗೆಗೆ ನಮಗೆ ವಿಶೇಷ ಆದರವಿಲ್ಲ. ಇರಲಿ. 2024ರಲ್ಲಿ ಸರಕಾರವು ಅವರನ್ನು ಧಾರವಾಡ ರಂಗಾಯಣದ ನಿರ್ದೇಶಕರನ್ನಾಗಿ ಮಾಡಿತು; ಆ ಸ್ಥಾನದಲ್ಲಿರುವಾಗಲೇ ತೀರಿಕೊಂಡರು. ಕಂಪನಿಯ ಮನುಷ್ಯನನ್ನು ರಂಗಶಿಕ್ಷಣದ ಸಂಸ್ಥೆಯ ಗಾದಿಯ ಮೇಲೆ ಕೂಡ್ರಿಸಿದ ಆ ನಿರ್ಣಯವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ.

ಇನ್ನು ಭಾಷೆಯ ಮಾತು. ನಮ್ಮ ಭಾಗದ ಕನ್ನಡವು ಚಿತ್ರಪಟದಲ್ಲಿ ಕೇಳಿಬಂದರೆ ಪ್ರೇಕ್ಷಕರು ನಗುವದಕ್ಕೆ ಸಿದ್ಧರಾಗಿ ಕೂಡ್ರುತ್ತಾರೆ. 2005ರ 'ರಾಮ ಶಾಮ ಭಾಮ' ಚಿತ್ರಕ್ಕೆ ಸರದೇಶಪಾಂಡೆಯವರು ಬರೆದ ಹುಬ್ಬಳ್ಳಿಯ ಕನ್ನಡವನ್ನು ತಮಿಳುನಾಡಿನ ಕಮಲಹಾಸನರು ಆಡಿದಾಗ ನಾವೂ ಸಂತೋಷಪಟ್ಟೆವು. ಆದರೆ ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಬಾಳಿನ ಅತ್ಯಂತ ಗಂಭೀರವಾದ ಮಾತುಗಳನ್ನು ಆಡಿದ್ದು ಈ ಮಣ್ಣಿನ ಕನ್ನಡದಲ್ಲಿಯೇ ಅಲ್ಲವೇ? ಶಿಶುನಾಳ ಶರೀಫರು ತತ್ವ ಹಾಡಿದ್ದು ಯಾವ ನುಡಿಯಲ್ಲಿ? 1990ರ 'ಸಂತ ಶಿಶುನಾಳ ಶರೀಫ'ದಂಥ ಕೆಲವೇ ಚಿತ್ರಗಳನ್ನು ಬಿಟ್ಟರೆ, ತೆರೆಯ ಮೇಲಿನ ನ್ಯಾಯಾಧೀಶನೂ ಪಂಡಿತನೂ ಪ್ರೇಮಿಯೂ ಬೇರೆ ಕನ್ನಡ ಆಡುತ್ತಾರೆ. ನಮ್ಮ ಕನ್ನಡ ಆಡುವವನು ಅವರ ಆಳುಮಗ ಇಲ್ಲವೆ ಕುಡುಕ. ರಾಜು ಅವರಂಥ ನಟನಿಗೆ ಚಿತ್ರರಂಗವು ತೆರೆದ ಬಾಗಿಲು ಬಹುಮಟ್ಟಿಗೆ ಇದೊಂದೇ. ಏಕೀಕರಣವಾಗಿ 1956ರಿಂದ ಇಷ್ಟು ವರ್ಷಗಳು ಸಂದವು. ನಾಡು ಒಂದಾಯಿತು, ನಾಲಿಗೆಗಳ ಮಾನ ಒಂದಾಗಲಿಲ್ಲ. ಚಿತ್ರಕಥೆ ಬರೆಯುವ ಮಹನೀಯರು ಇದಕ್ಕೆ ಉತ್ತರ ಕೊಡಬೇಕಾಗಿದೆ.

ಅವರ ಉತ್ತರಕ್ಕಾಗಿ ನಾವು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಕಂಪನಿಗಳು ಇಂದು ಉಸಿರಾಡುತ್ತಿರುವದು ಜಾತ್ರೆಗಳಿಂದ. ಬಾದಾಮಿಯ ಬನಶಂಕರಿಯಲ್ಲಿ ಬನದ ಹುಣ್ಣಿಮೆಯಿಂದ ಮುಂದೆ ಹಲವು ಥೇಟರುಗಳು ಸಾಲಾಗಿ ನಿಲ್ಲುತ್ತವೆ. ಅಲ್ಲಿ ಗಳಿಸಿದ್ದು ಮುಂದಿನ ತಿಂಗಳುಗಳ ಅನ್ನ. 2020ರ ಮಾರ್ಚದಲ್ಲಿ ಜಾತ್ರೆಗಳು ನಿಂತಾಗ ಈ ಸಂಸಾರಗಳು ಬೀದಿಪಾಲಾಗುವ ಹೊತ್ತು ಬಂದಿತ್ತು. ಮೈದಾನದ ಬಾಡಿಗೆ, ವಿದ್ಯುತ್ತಿನ ಠೇವಣಿ, ಲಾರಿಯ ಬಾಡಿಗೆ ಇವುಗಳಿಗೆ ಹಣ ಹೊಂದಿಸುವದರೊಳಗೆ ಮಾಲಕನ ಕೂದಲು ಹಣ್ಣಾಗುವದು. ತಿರುಗುವ ತೊಟ್ಟಿಲಿನವರ ಲೆಕ್ಕದಲ್ಲಿಯೇ ನಾಟಕದವರನ್ನು ಹಿಡಿಯುವದು ತಪ್ಪು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಕಂಪನಿಗಳಿಗೆ ಜಾಗ ಮತ್ತು ದೀಪವನ್ನು ಪುಕ್ಕಟೆಯಾಗಿ ಕೊಡಲು ವಿಜಯಪುರದ ಅಧಿಕಾರಿಗಳು ಮುಂದಾಗಬೇಕು. ಧಾರವಾಡದ ರಂಗಾಯಣವು ವರ್ಷಕ್ಕೊಮ್ಮೆ ತನ್ನ ವಿದ್ಯಾರ್ಥಿಗಳನ್ನು ಒಂದು ತಿಂಗಳಾದರೂ ಕಂಪನಿಯ ಬಿಡಾರದಲ್ಲಿ ಇರಿಸಬೇಕು. ತಗಡು ಹಿಡಿಯುವದರಿಂದ ಅವರ ವಿದ್ಯೆಯೇನೂ ಕಡಿಮೆಯಾಗದು.

ಪುತ್ಥಳಿಯ ಮಾತು ಈಗಾಗಲೇ ಕೆಲವರ ಬಾಯಲ್ಲಿದೆ. ಆ ಹಣದಲ್ಲಿ ಒಂದು ಕಂಪನಿಯ ಒಂದು ಹಂಗಾಮು ಸುಖವಾಗಿ ಸಾಗೀತು. ಸಾರವಾಡದ ಹಿರಿಯರಲ್ಲಿಯೂ ನಮ್ಮದೊಂದು ಅರಿಕೆಯಿದೆ: ಬರುವ ಹಂಗಾಮಿನಲ್ಲಿ, ಜೋಳದ ರಾಶಿ ಮುಗಿದ ಮೇಲೆ, ಒಂದು ಕಂಪನಿಯನ್ನು ಊರಿಗೆ ಕರೆಸಿರಿ, ಜಾಗವನ್ನೂ ನೀರನ್ನೂ ಊರವರು ಕೊಡಲಿ. ನಾಟಕದ ಜಾಹೀರಾತನ್ನು ಆಟ ಮುಗಿಯುವ ವರೆಗೆ ನಮ್ಮ ಪತ್ರಿಕೆಯು ದುಡ್ಡು ತೆಗೆದುಕೊಳ್ಳದೆ ಅಚ್ಚು ಹಾಕುವದು.