ಕಿರಿಯರ ಮಾತಿಗೂ ಕಿವಿಗೊಡೋಣ

"ಒಗ್ಗಟ್ಟಿನಲ್ಲಿ ಬಲವಿದೆ" ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಒಂದೇ ಕಚೇರಿಯಲ್ಲಿ ಹತ್ತು ಜನ ಕುಳಿತ ಮಾತ್ರಕ್ಕೆ ಅದು ತಂಡವಾಗುವುದಿಲ್ಲ. ಮೇಲಧಿಕಾರಿ ತಪ್ಪು ದಾರಿ ಹಿಡಿದಾಗ "ಸರ್, ಸ್ವಲ್ಪ ತಡೆಯಿರಿ" ಎಂದು ಎಲ್ಲರಿಗಿಂತ ಕಿರಿಯನೂ ಹೇಳುವಂತಿದ್ದರೆ ಮಾತ್ರ ಅದು ನಿಜವಾದ ತಂಡ ಎಂಬುದು ನನ್ನ ಅಭಿಪ್ರಾಯ.

ವಿಮಾನಯಾನ ಕ್ಷೇತ್ರ ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಕೆಎಲ್‌ಎಂ ವಿಮಾನ ಮೇಲೇರಲು ಓಡತೊಡಗಿದಾಗ, ಎದುರಿನ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಅದರ ಫ್ಲೈಟ್ ಇಂಜಿನಿಯರ್ ಕೇಳಿದರು. ಹಿರಿಯ ಕ್ಯಾಪ್ಟನ್ ಆ ಅನುಮಾನವನ್ನು ತಳ್ಳಿಹಾಕಿದರು. ಮತ್ತೆ ಯಾರೂ ಮಾತೆತ್ತಲಿಲ್ಲ. ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಪ್ರಾಣ ಕಳೆದುಕೊಂಡರು. ದುರಂತಕ್ಕೆ ಕಾರಣಗಳು ಹಲವು. ಆದರೆ ಆ ಮೌನವೂ ಅವುಗಳಲ್ಲೊಂದು.

ಇಂಥ ಅಪಘಾತಗಳ ನಂತರ, ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳುವುದನ್ನೂ ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನೂ ಸಿಬ್ಬಂದಿಗೆ ಕಲಿಸುವ ತರಬೇತಿ ಆರಂಭವಾಯಿತು. ಅದರ ಫಲ 1989ರಲ್ಲಿ ಕಂಡಿತು. ಅಮೆರಿಕದಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಆಕಾಶದಲ್ಲೇ ನಿಯಂತ್ರಣ ಕಳೆದುಕೊಂಡಿತು. ಕ್ಯಾಪ್ಟನ್ ಆಲ್ ಹೇನ್ಸ್ ಎಲ್ಲರ ಸಲಹೆ ಕೇಳಿದರು. ಪ್ರಯಾಣಿಕನಾಗಿ ಬಂದಿದ್ದ ಇನ್ನೊಬ್ಬ ಪೈಲಟ್‌ನ ನೆರವನ್ನೂ ಪಡೆದರು. ವಿಮಾನದಲ್ಲಿದ್ದ 296 ಜನರಲ್ಲಿ 184 ಜನ ಬದುಕುಳಿದರು. ಇದಕ್ಕೆ ಆ ತರಬೇತಿಯೇ ಕಾರಣವೆಂದು ಹೇನ್ಸ್ ಮುಂದೆ ಹೇಳುತ್ತಿದ್ದರು.

ಕೊಲ್ಲಿ ನಾಡಿನಲ್ಲಿ ದುಡಿಯುವ ನಮಗೆ ಇದು ದೂರದ ಕಥೆಯಲ್ಲ. ಇಲ್ಲಿ ಹತ್ತಾರು ದೇಶದವರು ಒಟ್ಟಿಗೆ ಕೆಲಸ ಮಾಡುತ್ತಾರೆ. ಭಾಷೆಯ ಅಳುಕು, ವೀಸಾದ ಚಿಂತೆ, ಮೇಲಧಿಕಾರಿಯ ಭಯ, ಎಲ್ಲವೂ ಬಾಯಿ ಕಟ್ಟುತ್ತವೆ. ಆದ್ದರಿಂದ ಮೊದಲ ಹೆಜ್ಜೆ ಇಡಬೇಕಾದವರು ಮೇಲಿನವರೇ. ಸಭೆಯಲ್ಲಿ ಅವರು ಮೊದಲು ಕಿರಿಯರನ್ನು ಕೇಳಲಿ, ಕೊನೆಗೆ ತಾವು ಮಾತನಾಡಲಿ. ಕೆಟ್ಟ ಸುದ್ದಿ ತಂದವನ ಮೇಲೆ ರೇಗದೆ, ಬೇಗ ತಿಳಿಸಿದ್ದಕ್ಕೆ ಧನ್ಯವಾದ ಹೇಳಲಿ. ತಂಡ ಕಟ್ಟಲು ಹೋಟೆಲಿನಲ್ಲಿ ಊಟ ಹಾಕಿಸುವುದಕ್ಕಿಂತ ಇದು ಅಗ್ಗ, ಫಲವೂ ಹೆಚ್ಚು.

ಈ ಗುಣ ಮನೆ ಮತ್ತು ಶಾಲೆಯಿಂದಲೇ ಬರಬೇಕು. "ದೊಡ್ಡವರಿಗೆ ಎದುರುತ್ತರ ಕೊಡಬೇಡ" ಎಂದು ಮಕ್ಕಳಿಗೆ ಹೇಳುತ್ತೇವೆ. ಎದುರುತ್ತರ ಬೇರೆ, ಎಚ್ಚರಿಕೆ ಬೇರೆ ಎಂಬುದನ್ನೂ ಜೊತೆಗೇ ಕಲಿಸೋಣ. ವಿನಯದಿಂದ ತಪ್ಪನ್ನು ತೋರಿಸುವ ಮಗು ನಾಳೆ ಯಾವ ತಂಡಕ್ಕಾದರೂ ಆಸ್ತಿಯಾಗುತ್ತದೆ.